ಬಹದ್ದೂರ್ ಅಂದ್ರೆ ಯಾರು?

ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ಐರೋಳಿ. ದಿನಾ ಹೀಗೆ ಓಡಾಡೋ ನಮ್ಮಂಥವರಿಗೆ ಇವತ್ತು ಒಂದು ಹೆಸರಿನ ಕಥೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮಪ್ಪ ಲಿಫ್ಟ್ ಹತ್ತಿರ ಜಾರಿ ಬಿದ್ರು. ನಾನು ನೈಟ್ ಶಿಫ್ಟಲ್ಲಿದ್ದೆ. ಸೊಸೈಟಿ ವಾಚ್‌ಮನ್ ಅಪ್ಪನ್ನ ರಿಕ್ಷಾದಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಮಾರನೇ ದಿನ ವಾಟ್ಸಾಪ್ ಗ್ರೂಪಲ್ಲಿ ಥ್ಯಾಂಕ್ಸ್ ಬರೆಯೋಣ ಅಂತ ಕೂತೆ. ‘ಬಹದ್ದೂರ್’ ಅಂತ ಟೈಪ್ ಮಾಡಿದವನಿಗೆ ಕೈ ನಿಂತುಹೋಯ್ತು. ಮೂರು ವರ್ಷದಿಂದ ಹಾಗೇ ಕರೀತಿದ್ದೆ. ಅದು ಅವರ ಹೆಸರೇನಾ?

ಮೊದಲು ಪದ ನೋಡೋಣ. ಹಳೆಯ ತುರ್ಕಿ, ಮಂಗೋಲ್ ಭಾಷೆಗಳಲ್ಲಿ ‘ಬಗಾತುರ್’ ಅಂದ್ರೆ ವೀರ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್ ಅಂದ್ರೆ ‘ಕೆಂಪು ವೀರ’. ರಷ್ಯನ್ ಜನಪದ ಕಥೆಗಳ ‘ಬೊಗಾತಿರ್’ ಕೂಡ ಇದೇ ಬಳಗ. ಉಜ್ಬೇಕಿಸ್ತಾನದಲ್ಲಿ ಇವತ್ತಿಗೂ ಗಂಡುಮಕ್ಕಳಿಗೆ ‘ಬಹೋದಿರ್’, ‘ಬೋತಿರ್’ ಅಂತ ಹೆಸರಿಡ್ತಾರೆ.

ಅದೇ ಪದ ಪರ್ಷಿಯನ್ ಮೂಲಕ ನಮ್ಮ ಕಡೆ ಬಂತು. ಮೊಘಲರ ಕಾಲದಲ್ಲಿ ಬಿರುದಾಯ್ತು. ಬ್ರಿಟಿಷರು ‘ರಾವ್ ಬಹದ್ದೂರ್’ ಅಂತ ಕೊಟ್ರು. ಮೈಸೂರು ಒಡೆಯರ ಹೆಸರಿನ ಕೊನೆಗೂ ‘ಬಹದ್ದೂರ್’ ಇತ್ತು. 1976ರಲ್ಲಿ ಅಣ್ಣಾವ್ರು ‘ಬಹದ್ದೂರ್ ಗಂಡು’ ಆದ್ರು. ಇನ್ನೊಂದು ವಿಚಿತ್ರ ನೋಡಿ: 1966ರ ಜನವರಿ 11ರಂದು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ತೀರಿಕೊಂಡದ್ದು ತಾಷ್ಕೆಂಟಿನಲ್ಲಿ, ಅಂದ್ರೆ ‘ಬಹೋದಿರ್’ಗಳ ಊರಲ್ಲೇ.

ನೇಪಾಳದಲ್ಲಿ ಎಷ್ಟೋ ಗಂಡಸರ ಹೆಸರಿನ ಮಧ್ಯೆ ‘ಬಹಾದುರ್’ ಇರುತ್ತೆ. ಅದನ್ನೇ ಹಿಡ್ಕೊಂಡು ಮುಂಬೈ, ಠಾಣೆ, ಕಲ್ಯಾಣ್ ಕಡೆಯ ಸೊಸೈಟಿಗಳು ನೇಪಾಳಿ ವಾಚ್‌ಮನ್‌ಗಳನ್ನೆಲ್ಲ ಒಂದೇ ಹೆಸರಲ್ಲಿ ಕರೆದುಬಿಟ್ವು. ವೀರ ಅನ್ನೋ ಬಿರುದು ‘ಏಯ್, ಗೇಟ್ ತೆಗಿ’ ಅನ್ನೋದಕ್ಕೆ ಇಳೀತು.

ನಮಗೇನು ಇದು ಹೊಸದಾ? ಇದೇ ಊರಲ್ಲಿ ನಮ್ಮ ಹಿರಿಯರು ಧಾರವಾಡದವರಾಗಲಿ, ಮಂಗಳೂರಿನವರಾಗಲಿ, ಎಲ್ಲರೂ ‘ಮದ್ರಾಸಿ’. ಇಲ್ಲಾಂದ್ರೆ ‘ಅಣ್ಣಾ’. ಆಗ ಉರಿದಿತ್ತಲ್ಲ?

ಅವತ್ತು ಸಂಜೆ ಕೆಳಗೆ ಹೋಗಿ ಕೇಳ್ದೆ, ‘ಭಾಯಿಸಾಬ್, ನಿಮ್ಮ ಹೆಸರೇನು?’ ಅವರು ನಕ್ಕು ಹೇಳಿದ್ರು. ಅದರಲ್ಲಿ ‘ಬಹಾದುರ್’ ಇರಲೇ ಇಲ್ಲ! ಹೆಸರು ಇಲ್ಲಿ ಹೇಳಲ್ಲ, ಅವರ ಒಪ್ಪಿಗೆ ಕೇಳಿಲ್ಲ. ಆದರೆ ಗ್ರೂಪಲ್ಲಿ ಅದೇ ಹೆಸರು ಹಾಕಿ ಥ್ಯಾಂಕ್ಸ್ ಬರೆದೆ. ಈಗ ಅಪ್ಪ ವಾಕಿಂಗ್ ಹೊರಟಾಗ ದಿನಾ ಹೆಸರು ಹಿಡಿದೇ ಮಾತಾಡಿಸ್ತಾರೆ.

ಇವತ್ತು ಮನೆಗೆ ಹೋಗುವಾಗ ಗೇಟ್ ಹತ್ತಿರ ಒಂದು ನಿಮಿಷ ನಿಂತು ಕೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.