ಸಲಹೆಗಿಂತ ಮೊದಲು ಆಲಿಸುವಿಕೆ: ಆಪ್ತ ಸಮಾಲೋಚಕರ ಕಾರ್ಯ ಮತ್ತು ನಮ್ಮ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಪೈಪು ಸೋರಿದರೆ ಸೋರುವ ಜಾಗವನ್ನು ಹುಡುಕಿ ಮುಚ್ಚುವುದು ನಾನು ಕಲಿತ ಕ್ರಮ. ಸೇವೆಗೆ ಸೇರಿದ ಮೇಲೆ ಕಚೇರಿಗೆ ಬರುವ ಮನುಷ್ಯರ ವಿಷಯದಲ್ಲಿಯೂ ಅದನ್ನೇ ಅನುಸರಿಸಿದೆ. ಅದು ಎಲ್ಲ ಕಡೆಯೂ ಸಲ್ಲದೆಂಬುದನ್ನು ಒಬ್ಬ ರೈತರಿಂದ ತಿಳಿದೆ. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು ಆ ಸಂಗತಿಯನ್ನು ಇಲ್ಲಿ ಹೇಳುತ್ತಿದ್ದೇನೆ.

ವಸತಿ ಯೋಜನೆಯ ಕಂತಿಗಾಗಿ ಅವರು ಮೂರು ಬಾರಿ ಬಂದಿದ್ದರು. ಮೂರನೆಯ ಬಾರಿ, ‘ಸಾಕಾಗಿದೆ ಸ್ವಾಮಿ, ಯಾವುದೂ ಬೇಡ ಅನ್ನಿಸ್ತಿದೆ’ ಎಂದರು. ನಾನು ಕಡತದಿಂದ ತಲೆಯೆತ್ತದೆ, ತಳಪಾಯದ ಫೋಟೊ ಅಪ್‌ಲೋಡ್ ಆದರೆ ಹಣ ಬರುತ್ತದೆ ಎಂದೆ. ಉತ್ತರದಲ್ಲಿ ತಪ್ಪಿರಲಿಲ್ಲ; ಆದರೆ ಅವರು ಹೇಳಿದ್ದು ಕಂತಿನ ಮಾತನ್ನಲ್ಲ. ಅದೇ ವಾರ ಅವರು ಆತ್ಮಹತ್ಯೆಗೆ ಯತ್ನಿಸಿದರು. ನೆರೆಯವರು ಸಕಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದರಿಂದ ಬದುಕಿದರು.

ನಾನು ಆಸ್ಪತ್ರೆಗೆ ಹೋದಾಗ ಆಪ್ತ ಸಮಾಲೋಚಕಿಯೊಬ್ಬರು ಅವರೊಡನೆ ಮಾತನಾಡಿ ಹೊರಬಂದರು. ‘ಏನು ಹೇಳಿದರು?’ ಎಂದು ಕೇಳಿದೆ. ‘ಅದನ್ನು ನಾನು ಹೇಳುವಂತಿಲ್ಲ ಸರ್. ಅವರಿಗೆ ಬೇಕೆನಿಸಿದರೆ ಅವರೇ ಹೇಳುತ್ತಾರೆ’ ಎಂದರು. ಆಪ್ತ ಸಮಾಲೋಚನೆಯ ಮೊದಲ ಪಾಠ ನನಗೆ ಅಲ್ಲಿ ದೊರೆಯಿತು.

ಯಾರು ಏನು ಮಾಡಬಲ್ಲರೆಂಬುದನ್ನು ನಾವು ಅರಿತಿರಬೇಕು. ಮನೋವೈದ್ಯರು ಎಂ.ಬಿ.ಬಿ.ಎಸ್. ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದವರು, ಔಷಧಿ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಆಪ್ತ ಸಮಾಲೋಚಕರು ಸಾಮಾನ್ಯವಾಗಿ ಮನೋವಿಜ್ಞಾನ ಅಥವಾ ಸಮಾಜಕಾರ್ಯವನ್ನು ಓದಿ, ಮಾತು ಮತ್ತು ಆಲಿಸುವಿಕೆಯ ಮೂಲಕ ನೆರವಾಗುವ ತರಬೇತಿ ಪಡೆದವರು. ಅವರು ಔಷಧಿ ಬರೆಯುವುದಿಲ್ಲ; ಅಗತ್ಯ ಕಂಡಾಗ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.

ಅವರ ವಿಧಾನಕ್ಕೆ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರ ಚಿಂತನೆ ಒಂದು ಮುಖ್ಯ ಆಧಾರ. ನೆರವು ಕೋರಿ ಬಂದವರ ನೋವನ್ನು ಅವರ ಸ್ಥಾನದಲ್ಲಿ ನಿಂತು ಅರಿಯುವುದು, ತೀರ್ಪು ನೀಡದೆ ಅವರನ್ನು ಗೌರವಿಸುವುದು, ತೋರಿಕೆಯಿಲ್ಲದೆ ಪ್ರಾಮಾಣಿಕವಾಗಿ ನಡೆದುಕೊಳ್ಳುವುದು ಎಂಬ ಮೂರು ಗುಣಗಳನ್ನು ಅವರು 1957ರಲ್ಲಿ ವಿವರಿಸಿದರು. ‘ಧೈರ್ಯವಾಗಿರು’, ‘ನಿನಗಿಂತ ಕಷ್ಟದಲ್ಲಿರುವವರಿಲ್ಲವೆ’ ಎಂಬ ನಮ್ಮ ಮಾತುಗಳು ಒಳ್ಳೆಯ ಮನಸ್ಸಿನವೇ. ಆದರೆ ಕೇಳುವವರಿಗೆ ‘ನಿನ್ನ ಕಷ್ಟ ದೊಡ್ಡದಲ್ಲ’ ಎಂದಂತೆ ಆಗುತ್ತದೆ. ಸಮಾಲೋಚಕರು ದಾರಿಯನ್ನು ಹೇರುವುದಿಲ್ಲ. ದಾರಿ ಕಾಣುವಷ್ಟು ಮನಸ್ಸು ತಿಳಿಯಾಗುವವರೆಗೆ ಜೊತೆಗಿರುತ್ತಾರೆ. ಕೇಳಿದ್ದನ್ನು ಗುಟ್ಟಾಗಿಡುತ್ತಾರೆ, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಅಗತ್ಯವಿರುವವರಿಗೆ ತಿಳಿಸುತ್ತಾರೆ.

ಈ ಕಾರ್ಯ ನಮ್ಮ ರಾಜ್ಯಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ನಡೆಸಿದ ಪ್ರಯೋಗವೇ, 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 115ನೇ ಪ್ರಕರಣದಂತೆ, ಆತ್ಮಹತ್ಯೆಗೆ ಯತ್ನಿಸಿದವರು, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು. ಅವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಆದುದರಿಂದ ಕೇಸಿನ ಭಯದಿಂದ ಯಾರೂ ಚಿಕಿತ್ಸೆಯನ್ನು ಮುಚ್ಚಿಡಬೇಕಾಗಿಲ್ಲ.

ಸದಸ್ಯರು ಸಮಾಲೋಚಕರಾಗಬೇಕಿಲ್ಲ, ಅವರವರೆಗೆ ತಲುಪಿಸುವ ಸೇತುವೆಯಾದರೆ ಸಾಕು. ಅದಕ್ಕಾಗಿ ನಾಲ್ಕು ವಿನಂತಿಗಳು:

1. ‘ಬದುಕು ಬೇಡ’ ಎಂಬ ಮಾತು ಕಿವಿಗೆ ಬಿದ್ದರೆ ಕೈಯ ಕೆಲಸ ಬಿಟ್ಟು ಆಲಿಸಿರಿ. ಸಾಯುವ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

2. ಅಪಾಯವೆನಿಸಿದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ. ಮನೆಯಲ್ಲಿರುವ ಕೀಟನಾಶಕವನ್ನು ಬೀಗದಲ್ಲಿಡಲು ಮನೆಯವರಿಗೆ ತಿಳಿಸಿರಿ. ತುರ್ತಿದ್ದರೆ 108ಕ್ಕೆ ಕರೆ ಮಾಡಿರಿ.

3. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸೇವೆಯ ಉಚಿತ ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಹಾಲಿನ ಡೈರಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ ಬರೆಯಿಸಿರಿ.

4. ತಿಳಿದುಬಂದದ್ದನ್ನು ಅರಳಿಕಟ್ಟೆಯಲ್ಲಾಗಲಿ, ಸಭೆಯಲ್ಲಾಗಲಿ ಆಡಬೇಡಿರಿ. ಒಮ್ಮೆ ಮಾತು ಹರಡಿದರೆ, ಮತ್ತೊಬ್ಬರು ನಮ್ಮ ಬಳಿ ಬಾಯಿ ತೆರೆಯುವುದಿಲ್ಲ.

ಕೆಲವು ತಿಂಗಳ ನಂತರ ಆ ರೈತರು ಮತ್ತೆ ಕಚೇರಿಗೆ ಬಂದರು. ಕಂತು ಅಷ್ಟರಲ್ಲಿ ಜಮೆಯಾಗಿತ್ತು. ಕೇಳುವ ಕೆಲಸವೇನೂ ಇರಲಿಲ್ಲ. ಕುರ್ಚಿ ಕೊಟ್ಟು, ಕಡತ ಮುಚ್ಚಿಟ್ಟು, ಎದುರಿಗೆ ಕುಳಿತೆ. ಅವರು ಬಹಳ ಹೊತ್ತು ಮಾತನಾಡಿದರು. ಏನು ಹೇಳಿದರೆಂಬುದನ್ನು ತಮಗೆ ಹೇಳುವ ಅಧಿಕಾರ ನನಗಿಲ್ಲ.