ಹಳೇ ಗಿಟಾರ್‌ನ ನೆಕ್ ಬಿಚ್ಚೋದು ಯಾಕೆ, ಹೇಗೆ?

ಹಳೇ ಅಕೌಸ್ಟಿಕ್ ಗಿಟಾರ್ ಇಟ್ಟುಕೊಂಡವರು ರಿಪೇರಿಗೆ ಬಂದಾಗ ಸಾಮಾನ್ಯವಾಗಿ ಹೇಳೋ ದೂರು ಒಂದೇ: ‘ತಂತಿ ಒತ್ತೋಕೆ ಆಗ್ತಿಲ್ಲ, ಬೆರಳು ನೋಯುತ್ತೆ.’ ಇದಕ್ಕೆ ಸುಲಭದ ದಾರಿ ಹಿಡಿದು ನಾನೊಮ್ಮೆ ತಪ್ಪು ಮಾಡಿದ್ದೆ. ಇವತ್ತು ಅದನ್ನೇ ಹೇಳ್ತೀನಿ.

ಅದು 1960ರ ದಶಕದ ಮಾರ್ಟಿನ್ ಗಿಟಾರ್. ಹನ್ನೆರಡನೇ ಫ್ರೆಟ್ ಹತ್ತಿರ ದಪ್ಪ ತಂತಿ 4 ಮಿಲಿಮೀಟರ್ ಎತ್ತರದಲ್ಲಿತ್ತು. ಎರಡೂವರೆ ಇದ್ದರೆ ಕೈಗೆ ಹಿತ. ನಾನು ಸ್ಯಾಡಲ್ ತೇಯ್ದೆ. ಅದು ಸಾಲದೆ ಬ್ರಿಜ್‌ನ ಮರವನ್ನೂ ಕೆತ್ತಿದೆ. ತಂತಿ ಕೆಳಗಿಳಿಯಿತು, ಆದರೆ ನಾದ ಮಂಕಾಯಿತು. ಎರಡು ವರ್ಷದಲ್ಲಿ ಅದೇ ಗಿಟಾರ್, ಅದೇ ದೂರಿನೊಂದಿಗೆ ವಾಪಸ್ ಬಂತು.

ಯಾಕಂದ್ರೆ ರೋಗ ಬ್ರಿಜ್‌ನಲ್ಲಿ ಇರಲಿಲ್ಲ. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕೆ.ಜಿ. ಬಲದಲ್ಲಿ ಎಳೀತಿರುತ್ತವೆ. ದಶಕಗಟ್ಟಲೆ ಈ ಎಳೆತಕ್ಕೆ ಗಿಟಾರ್‌ನ ಮೇಲ್ಹಲಗೆ ಉಬ್ಬುತ್ತೆ, ನೆಕ್ ಮುಂದಕ್ಕೆ ವಾಲುತ್ತೆ. ‘ಟ್ರಸ್ ರಾಡ್ ತಿರುಗಿಸಿದ್ರೆ ಸಾಕಲ್ವಾ?’ ಅಂತ ಕೇಳ್ತಾರೆ. ಅದು ನೆಕ್‌ನ ಬಾಗು ತಿದ್ದುತ್ತೆ, ನೆಕ್ ಕೂತಿರೋ ಕೋನವನ್ನಲ್ಲ. ಆ ಕಾಲದ ಮಾರ್ಟಿನ್‌ಗಳಲ್ಲಿ ತಿರುಗಿಸುವ ರಾಡ್ ಇರಲೂ ಇಲ್ಲ.

ಹಾಗಾಗಿ ಎರಡನೇ ಸಲ ನೆಕ್ಕನ್ನೇ ಬಿಚ್ಚಿದೆ. ಮೊದಲು ಮೇಲ್ಹಲಗೆಗೆ ಅಂಟಿದ ಫಿಂಗರ್‌ಬೋರ್ಡ್ ತುದಿಯನ್ನು ಬಿಸಿ ಮಾಡಿ, ತೆಳು ಚಾಕು ಹಾಕಿ ಬಿಡಿಸಿದೆ. ಹದಿನೈದನೇ ಫ್ರೆಟ್ ಕಿತ್ತು, ಆ ಗೀರಿನಲ್ಲಿ ಸಣ್ಣ ತೂತು ಕೊರೆದು ಹಬೆ ಹಾಯಿಸಿದೆ. ಒಳಗಿರೋದು ಪಾರಿವಾಳದ ಬಾಲದಂಥ ಡವ್‌ಟೇಲ್ ಜೋಡಣೆ. ಹಬೆಗೆ ಅಂಟು ಮೆತ್ತಗಾಯಿತು, ನೆಕ್ ಕೈಗೆ ಬಂತು. ಆಮೇಲೆ ಅದರ ಹಿಮ್ಮಡಿಯ ಕೆಳತುದಿಯಲ್ಲಿ ಉಳಿಯಿಂದ ಸುಮಾರು ಒಂದು ಮಿಲಿಮೀಟರ್ ತೆಗೆದೆ, ಮೇಲಕ್ಕೆ ಬರ್ತಾ ಸೊನ್ನೆ. ಅಷ್ಟಕ್ಕೇ ನೆಕ್ ಹಿಂದಕ್ಕೆ ವಾಲುತ್ತೆ. ಜೋಡಣೆ ಸಡಿಲವಾಗದಂತೆ ತೆಳು ಮರದ ಚಕ್ಕೆ ಸೇರಿಸಿ ಮತ್ತೆ ಅಂಟಿಸಿದೆ.

ಗಿಟಾರ್ ಸರಿಹೋಯಿತು. ಆದರೆ ಹೊಸ ಬ್ರಿಜ್ ಮಾಡಿ ಕೂರಿಸಬೇಕಾಯಿತು. ಹಳೆಯದನ್ನು ಹಾಳು ಮಾಡಿದ್ದು ನಾನೇ. ಆ ಬ್ರಿಜ್‌ಗೂ ಕೂಲಿಗೂ ಅವರಿಂದ ದುಡ್ಡು ತಗೊಳ್ಳಲಿಲ್ಲ.

ನಿಮ್ಮ ಗಿಟಾರನ್ನು ನೀವೇ ಪರೀಕ್ಷಿಸಬಹುದು. ನೇರವಾದ ಉದ್ದನೆ ಪಟ್ಟಿಯೊಂದನ್ನು ಫ್ರೆಟ್‌ಗಳ ಮೇಲೆ ಇಟ್ಟು ಬ್ರಿಜ್ ಕಡೆ ಚಾಚಿ. ತುದಿ ಬ್ರಿಜ್‌ನ ಮೇಲ್ಭಾಗಕ್ಕೆ ತಾಗಿದರೆ ಕ್ಷೇಮ. ತೀರಾ ಕೆಳಗೆ ಹೋಗಿ ಬಡಿದರೆ ನೆಕ್ ಬಿಚ್ಚೋ ಕಾಲ ಬಂದಿದೆ. ಆಗ ಯಾರಾದರೂ ‘ಬ್ರಿಜ್ ಸ್ವಲ್ಪ ತೇಯ್ದುಬಿಡ್ತೀನಿ’ ಅಂದ್ರೆ, ದಯವಿಟ್ಟು ಗಿಟಾರ್ ಎತ್ಕೊಂಡು ಮನೆಗೆ ಬನ್ನಿ.