ಗಬ್ಬದ ಹಸುವಿನ ಮೇವು ಮತ್ತು ಎ ಜೀವಸತ್ವ



ಕರು ಕುರುಡಾಗಿಯೋ ಅಂಗಹೀನವಾಗಿಯೋ ಹುಟ್ಟಿದರೆ ಹೋರಿಯನ್ನು ದೂರುವುದು ಹಳ್ಳಿಗಳಲ್ಲಿ ರೂಢಿ. ತಳಿಯೇ ಸರಿಯಿಲ್ಲವೆಂದು ಮಾತು ಮುಗಿಸಿಬಿಡುತ್ತಾರೆ. ಆದರೆ ತಪ್ಪು ಎಷ್ಟೋ ವೇಳೆ ಗೋದಲಿಯಲ್ಲಿರುತ್ತದೆ.

ಅಮೆರಿಕದ ಟೆಕ್ಸಾಸ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಫ್ರೆಡ್ ಹೇಲ್ ಎಂಬ ವಿಜ್ಞಾನಿ ಒಂದು ಹೆಣ್ಣು ಹಂದಿಗೆ, ಅದು ಗಬ್ಬ ಕಟ್ಟುವ ಕೆಲವು ತಿಂಗಳ ಮೊದಲಿನಿಂದಲೇ, ಎ ಜೀವಸತ್ವವಿಲ್ಲದ ಆಹಾರ ತಿನ್ನಿಸಿದರು. ಅದು 11 ಮರಿ ಹಾಕಿತು. ಒಂದಕ್ಕೂ ಕಣ್ಣುಗುಡ್ಡೆ ಇರಲಿಲ್ಲ. 1933ರಲ್ಲಿ ಈ ವರದಿ ಪ್ರಕಟವಾಯಿತು. ಮುಂದೆ ಅಂಥ ಕುರುಡು ಹಂದಿಗಳಿಗೆ ಒಳ್ಳೆಯ ಆಹಾರ ಕೊಟ್ಟು ಸಂತಾನ ಪಡೆದಾಗ ಮರಿಗಳ ಕಣ್ಣು ಸರಿಯಾಗಿಯೇ ಇತ್ತು. ದೋಷ ವಂಶದ್ದಲ್ಲವೆಂದು ಇದರಿಂದ ಖಚಿತವಾಯಿತು.

ಕಣ್ಣಿಲ್ಲದ್ದು ಹುಟ್ಟಿದ ದಿನವೇ ಗೊತ್ತಾಗುತ್ತದೆ. ಒಳಗಿನ ಜನನಾಂಗಗಳ ಊನ ಹಾಗಲ್ಲ, ಪ್ರಾಣಿ ಬೆದೆಗೆ ಬರುವ ವಯಸ್ಸಿನವರೆಗೂ ಅದು ಮರೆಯಾಗಿ ಉಳಿಯಬಹುದು. ಎ ಜೀವಸತ್ವದ ಕೊರತೆಯಿದ್ದ ತಾಯಿ ಇಲಿಗಳ ಮರಿಗಳಲ್ಲಿ ಮೂತ್ರಾಂಗ, ಜನನಾಂಗಗಳು ವಿಕಾರವಾಗಿದ್ದುದನ್ನು ವಿಲ್ಸನ್ ಮತ್ತು ವಾರ್ಕನಿ 1948ರಲ್ಲಿ ವರದಿ ಮಾಡಿದರು.

ಇದೇಕೆ ಹೀಗೆ? ಭ್ರೂಣ ಗಂಡಾಗಲಿ ಹೆಣ್ಣಾಗಲಿ, ಮೊದಮೊದಲು ಅದರಲ್ಲಿ ಎರಡು ಜೊತೆ ನಾಳಗಳಿರುತ್ತವೆ. ಹೆಣ್ಣಿನಲ್ಲಿ ಒಂದು ಜೊತೆ ಬೆಳೆದು ಅಂಡನಾಳ, ಗರ್ಭಕೋಶಗಳಾಗುತ್ತವೆ. ಗಂಡಿನಲ್ಲಿ ಇನ್ನೊಂದು ಜೊತೆ ಬೆಳೆದು ವೀರ್ಯನಾಳ, ವೀರ್ಯಕೋಶಗಳಾಗುತ್ತವೆ. ತಾಯಿಯ ರಕ್ತದಿಂದ ಬಂದ ಎ ಜೀವಸತ್ವ ಭ್ರೂಣದಲ್ಲಿ ರೆಟಿನೋಯಿಕ್ ಆಮ್ಲವಾಗುತ್ತದೆ. ಇದು ಜೀವಕೋಶದ ಬೀಜಕೇಂದ್ರವನ್ನು ಹೊಕ್ಕು ಅಲ್ಲಿರುವ ಗ್ರಾಹಿಗಳಿಗೆ ಅಂಟಿಕೊಂಡು, ಯಾವ ವಂಶವಾಹಿ ಕೆಲಸ ಮಾಡಬೇಕೆಂದು ಅಪ್ಪಣೆ ಕೊಡುತ್ತದೆ. ಅಂದರೆ ಅದು ಬರಿಯ ಆಹಾರವಲ್ಲ, ಮೇಸ್ತ್ರಿಯ ಮಾತಿದ್ದಂತೆ. ಗ್ರಾಹಿಗಳು ಪತ್ತೆಯಾದದ್ದು 1987ರಲ್ಲಿ. ಫ್ರಾನ್ಸಿನ ಪಿಯೇರ್ ಶಾಂಬೋನ್ ಅವರ ಪ್ರಯೋಗಾಲಯ ಕೆಲವು ಗ್ರಾಹಿಗಳಿಲ್ಲದ ಇಲಿಗಳನ್ನು ಬೆಳೆಸಿ 1994ರಲ್ಲಿ ವರದಿ ಮಾಡಿತು: ಕೆಲವು ಹೆಣ್ಣು ಭ್ರೂಣಗಳಲ್ಲಿ ಗರ್ಭಕೋಶವೇ ಇಲ್ಲ, ಗಂಡಿನಲ್ಲಿ ವೀರ್ಯನಾಳ ಇಲ್ಲ ಅಥವಾ ಕೆಟ್ಟಿದೆ. ಕಟ್ಟುವ ಹೊತ್ತಿಗೆ ಅಪ್ಪಣೆ ಬಾರದಿದ್ದರೆ ಆಮೇಲೆ ಎಷ್ಟು ಕೊಟ್ಟರೂ ಆ ಅಂಗ ಮೂಡದು.

ಅಂಡಾಶಯದ ಬೀಜಕಣಗಳು ಅಂಡಾಣುವಾಗುವ ವಿಭಜನೆಗೂ ಈ ಆಮ್ಲವೇ ಕಾರಣವೆಂದು 2006ರಲ್ಲಿ ಎರಡು ತಂಡಗಳು ಹೇಳಿದವು. ಅದಿಲ್ಲದೆಯೂ ವಿಭಜನೆ ಶುರುವಾಗಬಲ್ಲದೆಂದು 2020ರ ಪ್ರಯೋಗಗಳು ತೋರಿಸಿದವು. ವಿದ್ವಾಂಸರ ಈ ವಾದ ಇನ್ನೂ ಮುಗಿದಿಲ್ಲ. ರೈತ ಅದಕ್ಕಾಗಿ ಕಾಯಬೇಕಾಗಿಲ್ಲ.

ಗರ್ಭಕೋಶದ ಊನ ಸ್ಪಷ್ಟವಾಗಿ ಕಂಡದ್ದು ಇಲಿಗಳಲ್ಲಿ. ದನಗಳಲ್ಲಿ ತೀವ್ರ ಕೊರತೆಯಾದರೆ ಕಂದು ಹಾಕುವುದು, ಮಾಸು ನಿಲ್ಲುವುದು, ಕುರುಡು ಅಥವಾ ನಿಶ್ಶಕ್ತ ಕರು ಹುಟ್ಟುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಹಸುರು ಮೇವಿನ ಕೆರೋಟಿನ್ ದನದ ಕರುಳಿನಲ್ಲಿ ಎ ಜೀವಸತ್ವವಾಗಿ, ಹೆಚ್ಚಿದ್ದು ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ಈ ದಾಸ್ತಾನು ಕೆಲವು ತಿಂಗಳು ನಡೆಸುತ್ತದೆ. ಬಿಸಿಲಿಗೆ ಬಿಳಿಚಿದ ರಾಗಿ ಹುಲ್ಲು, ಬತ್ತದ ಹುಲ್ಲುಗಳಲ್ಲಿ ಕೆರೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಿಡೀ ಅದನ್ನೇ ತಿಂದ ಹಸು ಗಬ್ಬ ಕಟ್ಟುವಾಗ ಉಗ್ರಾಣ ಬರಿದಾಗಿರಬಹುದು. ಜನನಾಂಗಗಳು ರೂಪುಗೊಳ್ಳುವುದೋ ಗಬ್ಬದ ಮೊದಲ ಮೂರು ತಿಂಗಳಲ್ಲೇ. ಬಹಳ ಮಂದಿ ಕೊನೆಯ ತಿಂಗಳಲ್ಲಿ ಮಾತ್ರ ಹಸುವಿಗೆ ಉಪಚಾರ ಮಾಡುತ್ತಾರೆ, ಅದು ಸಾಲದು.

ಬಾವಿಯ ಬಳಿ, ಬಚ್ಚಲ ನೀರು ಹರಿಯುವೆಡೆ ಒಂದೆರಡು ಮಡಿ ಕುದುರೆ ಮೆಂತ್ಯವನ್ನೋ ಗಿನಿ ಹುಲ್ಲನ್ನೋ ಬೆಳೆದು, ದಿನಕ್ಕೆ ನಾಲ್ಕೈದು ಕಿಲೋ ಹಸುರು ಕೊಟ್ಟರೆ ಸಾಕಾಗುತ್ತದೆ. ಮಿಕ್ಕಿದ್ದನ್ನು ನೆರಳಿನಲ್ಲಿ ಒಣಗಿಸಿಡಿ. ಎ ಜೀವಸತ್ವದ ಚುಚ್ಚುಮದ್ದನ್ನು ಮಾತ್ರ ಪಶುವೈದ್ಯರನ್ನು ಕೇಳದೆ ಹಾಕಿಸಬೇಡಿ. ಅತಿಯಾದರೂ ಭ್ರೂಣ ವಿಕಾರವಾಗುವುದನ್ನು 1953ರಲ್ಲೇ ಇಲಿಗಳಲ್ಲಿ ಕಂಡಿದ್ದಾರೆ. ಹಸುರು ಮೇವಿನಿಂದ ಈ ಅಪಾಯವಿಲ್ಲ, ದನದ ದೇಹ ಬೇಕಾದಷ್ಟನ್ನೇ ಪರಿವರ್ತಿಸಿಕೊಳ್ಳುತ್ತದೆ.